ಜಂತುಹುಳು ಮಧುಮೇಹಕ್ಕೆ ಮದ್ದಲ್ಲ

ಕರುಳಿನ ಜಂತುಹುಳುಗಳು ಮಧುಮೇಹವನ್ನು ದೂರವಿಡುತ್ತವೆ ಎಂಬ ಮಾತು ಈಚೆಗೆ ಕೇಳಿಬರುತ್ತಿದೆ. ಇದು ಪೂರ್ಣ ಸುಳ್ಳಲ್ಲ. ಆದರೆ ಅರ್ಧಸತ್ಯವನ್ನು ನಂಬಿ ನಡೆಯುವುದು ಅಪಾಯಕರ.

ಇಂಡೊನೇಷ್ಯಾದ ಫ್ಲೋರೆಸ್ ದ್ವೀಪದಲ್ಲಿ ಜಂತುಬಾಧೆಯಿದ್ದವರಿಗೆ ಅಲ್ಬೆಂಡಜೋಲ್ ಮಾತ್ರೆ ಕೊಟ್ಟಾಗ, ಅವರಲ್ಲಿ ಇನ್ಸುಲಿನ್ ಪ್ರತಿರೋಧ ಹೆಚ್ಚಿದುದು ಕಂಡುಬಂದಿತು. ಆಸ್ಟ್ರೇಲಿಯಾದಲ್ಲಿ ಮಧುಮೇಹದ ಅಂಚಿನಲ್ಲಿದ್ದ 40 ಜನರನ್ನೊಳಗೊಂಡು, 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕೊಕ್ಕೆಹುಳುವಿನ ಮರಿಗಳನ್ನು ಪಡೆದವರಲ್ಲಿ ಆ ಪ್ರತಿರೋಧ ತಗ್ಗಿತು. ಹುಳು ತನ್ನ ಉಳಿವಿಗಾಗಿ ದೇಹದ ಉರಿಯೂತವನ್ನು ಶಮನಗೊಳಿಸುವುದೇ ಇದಕ್ಕೆ ಕಾರಣವಿರಬೇಕೆಂದು ವಿಜ್ಞಾನಿಗಳು ಭಾವಿಸುತ್ತಾರೆ.

ಆದರೆ ಅಲ್ಲಿ ಮರಿಗಳನ್ನು ಎಣಿಸಿ, ವೈದ್ಯರ ನಿಗಾದಲ್ಲಿ ಕೊಡಲಾಗಿತ್ತು. ಬರಿಗಾಲಿನಲ್ಲಿ ಹೊಲ ತುಳಿಯುವವರ ಕರುಳಿಗೆ ಅಂತಹ ಲೆಕ್ಕವಿಲ್ಲ. ಕೊಕ್ಕೆಹುಳು ರಕ್ತ ಹೀರುತ್ತದೆ. ಗರ್ಭಿಣಿಯರಿಗೆ ರಕ್ತಹೀನತೆಯನ್ನೂ ಮಕ್ಕಳಿಗೆ ನಿಶ್ಶಕ್ತಿಯನ್ನೂ ತರುತ್ತದೆ. ಆದ್ದರಿಂದ ಶಾಲೆ, ಅಂಗನವಾಡಿಗಳಲ್ಲಿ 1ರಿಂದ 19 ವರ್ಷದವರಿಗೆ ಕೊಡುವ ಜಂತುನಾಶಕ ಮಾತ್ರೆಯನ್ನು ತಪ್ಪಿಸಬಾರದೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಚರಕಸಂಹಿತೆಯು ಕ್ರಿಮಿ, ಪ್ರಮೇಹ ಎರಡನ್ನೂ 20 ಬಗೆಯೆಂದು ಎಣಿಸಿ, ಬೆಲ್ಲವನ್ನು ಎರಡರ ಕಾರಣಗಳಲ್ಲಿಯೂ ಹೆಸರಿಸಿದೆ. ಕ್ರಿಮಿಯನ್ನು ಹೊರಹಾಕಿದರೆ ಸಾಲದು, ರೋಗಕಾರಣವನ್ನೂ ತೊರೆಯಬೇಕೆಂಬುದು ಅದರ ನಿಲುವು. ಹುಳು ಹೋದ ಮೇಲೆ ಹಸಿವು ಮರಳುತ್ತದೆ, ಮೈ ತುಂಬುತ್ತದೆ. ಎಚ್ಚರ ಬೇಕಾದುದು ಆಗಲೇ. ಮಿತವಾದ ಊಟ, ಸಿಹಿಗೆ ಕಡಿವಾಣ, ಮೈ ಬೆವರುವ ಕಾಯಕ ಇವುಗಳಿಂದಲೂ ಇನ್ಸುಲಿನ್ ಪ್ರತಿರೋಧ ತಗ್ಗುತ್ತದೆ. ಅದಕ್ಕಾಗಿ ಹುಳುವಿಗೆ ರಕ್ತ ತೆರಬೇಕಾಗಿಲ್ಲವೆಂಬುದನ್ನು ಸದ್ಭಕ್ತರು ಮನಗಾಣಬೇಕು.