ತಪಾಸಣೆ ಸೊಸೆಗೆ ಮಾತ್ರ ಏಕೆ?



ಕಳೆದ ಚಳಿಗಾಲದಲ್ಲಿ ಸಂಬಂಧಿಕರ ಮದುವೆಗೆಂದು ಬ್ಯಾಡಗಿಗೆ ಹೋಗಿದ್ದೆ. ಮೆಣಸಿನಕಾಯಿ ಮಾರುಕಟ್ಟೆಗೆ ಬರುವ ಕಾಲ. ಊರು ಇನ್ನೂ ದೂರವಿರುವಾಗಲೇ ಘಾಟು ಮೂಗಿಗೆ ಬಡಿಯುತ್ತಿತ್ತು. ಮದುವೆ ಮನೆಯಲ್ಲಿ ಅಡುಗೆಗೆ ಬೆಳ್ಳುಳ್ಳಿ ಬಿಡಿಸುತ್ತಾ ಕುಳಿತಿದ್ದ ಹೆಂಗಸರ ನಡುವೆ ಒಬ್ಬಳು ಮಾತ್ರ ಮಾತಿಲ್ಲದೆ ಕೂತಿದ್ದಳು. ಮದುಮಗಳಿಗೆ ಅರಿಶಿನ ಹಚ್ಚಲು ಎಲ್ಲರೂ ಎದ್ದಾಗಲೂ ಅವಳು ಏಳಲಿಲ್ಲ. ಯಾಕೆಂದು ಕೇಳಿದೆ. ಪಕ್ಕದಲ್ಲಿದ್ದ ಅವಳ ಅತ್ತೆಯೇ ಉತ್ತರ ಕೊಟ್ಟರು: "ಆರು ವರ್ಷ ಆತು, ಇನ್ನೂ ಮಡಿಲು ತುಂಬಿಲ್ಲ. ಅಂಥಾಕಿ ಮುಂದ ಹೋಗಬಾರದು."

ಸಂಜೆ ಅವಳೇ ನನ್ನ ಬಳಿ ಬಂದಳು. ಗೋದಾಮಿನಲ್ಲಿ ಮೆಣಸಿನಕಾಯಿ ತುಂಬು ಬಿಡಿಸುವ ಕೆಲಸ ಅವಳದು. ದುಡಿದದ್ದೆಲ್ಲ ಹಾವೇರಿ, ಹುಬ್ಬಳ್ಳಿ ಎಂದು ಡಾಕ್ಟರರಿಗೆ ಸುರಿದಿದ್ದಾಳೆ. ಪ್ಲಾಸ್ಟಿಕ್ ಚೀಲದ ತುಂಬಾ ರಿಪೋರ್ಟುಗಳು. ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಗರ್ಭನಾಳದ ಎಕ್ಸ್‌ರೇ ಎಲ್ಲವೂ ಸರಿಯಾಗಿಯೇ ಇದ್ದವು. "ಮತ್ತೆ ನಿನ್ನ ಗಂಡನದು?" ಎಂದೆ. ತಲೆ ತಗ್ಗಿಸಿದಳು. "ಆಪಾ, ಎಲ್ಲಾ ಟೆಸ್ಟೂ ನಂದೇ ಆಗ್ಯಾವ. ಅವರದೊಂದೂ ಆಗಿಲ್ಲ. ಕೇಳಿದ್ರ ಬೈತಾರ. ಈ ವರ್ಷ ಆಗಲಿಲ್ಲಂದ್ರ ಇನ್ನೊಂದು ಮದುವಿ ಮಾಡ್ತೀವಿ ಅಂತ ಅತ್ತಿಯೋರು ಹೇಳ್ಯಾರ."

ಅವಳ ಗಂಡ ಏನು ಕೆಲಸ ಮಾಡುತ್ತಾನೆಂದು ವಿಚಾರಿಸಿದೆ. ರಾಣೆಬೆನ್ನೂರು ಕಡೆಯ ಹೊಲಗಳಲ್ಲಿ, ಬೀಜದ ಪ್ಲಾಟುಗಳಲ್ಲಿ ಕೂಲಿಗೆ 'ಎಣ್ಣೆ ಹೊಡೆಯುವ' ಕೆಲಸ, ಅಂದರೆ ಕೀಟನಾಶಕ ಸಿಂಪಡಿಸುವುದು. ಮದುವೆಗೆ ಮೊದಲಿನಿಂದಲೂ ಅದೇ ಕಸುಬು. ಬಾಯಲ್ಲಿ ಸದಾ ಗುಟ್ಕಾ.

ಈ ತಿಂಗಳು ಈ ವಿಷಯವನ್ನೇ ನಿಮ್ಮ ಮುಂದಿಡಬೇಕೆಂದು ಆಗಲೇ ತೀರ್ಮಾನಿಸಿದೆ. ಮಾತನಾಡಲು ಸಂಕೋಚವೆನಿಸಬಹುದು. ಆದರೆ ನಮ್ಮ ಸಂಕೋಚದ ಬೆಲೆಯನ್ನು ಯಾವಾಗಲೂ ಸೊಸೆಯೇ ತೆರುತ್ತಿದ್ದಾಳೆ.

ಕಾಯಿ ಕಟ್ಟಲು ಎರಡೂ ಬೇಕು

ರಾಣೆಬೆನ್ನೂರಿನ ಸುತ್ತ ಬೀಜೋತ್ಪಾದನೆಯ ಹೊಲಗಳಲ್ಲಿ 'ಕ್ರಾಸಿಂಗ್' ಮಾಡುವ ಹೆಣ್ಣುಮಕ್ಕಳನ್ನು ಕೇಳಿ ನೋಡಿ. ಒಂದು ತಳಿಯ ಹೂವಿನ ಗಂಡು ಭಾಗವನ್ನು ಚಿಮಟದಿಂದ ಕಿತ್ತು, ಇನ್ನೊಂದು ತಳಿಯ ಪರಾಗವನ್ನು ತಂದು ಮುಟ್ಟಿಸುತ್ತಾರೆ. ಪರಾಗ ಕೆಟ್ಟಿದ್ದರೆ ಹೂವು ಎಷ್ಟೇ ಚೆನ್ನಾಗಿದ್ದರೂ ಕಾಯಿ ಕಟ್ಟುವುದಿಲ್ಲ ಎಂಬುದು ಅವರಿಗೆ ಗೊತ್ತು. ಹೊಲದಲ್ಲಿ ಗೊತ್ತಿರುವ ಈ ಸತ್ಯ ಮನೆಯೊಳಗೆ ಬಂದಾಗ ಏಕೆ ಮರೆತುಹೋಗುತ್ತದೆ?

ಜಗತ್ತಿನಲ್ಲಿ ಸುಮಾರು ಆರು ಮಂದಿಯಲ್ಲಿ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಬಂಜೆತನದ ಸಮಸ್ಯೆ ಎದುರಿಸುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡನಲ್ಲಿಯೂ ಏನಾದರೊಂದು ಕಾರಣವಿರುತ್ತದೆ. ವೃಷಣದ ರಕ್ತನಾಳಗಳು ಊದಿಕೊಳ್ಳುವುದು, ಹಾರ್ಮೋನಿನ ಏರುಪೇರು, ಹಿಂದೆ ಬಂದ ಸೋಂಕು, ಹುಟ್ಟಿನಿಂದ ಬಂದ ದೋಷ ಹೀಗೆ ಕಾರಣಗಳು ಹಲವು. ಅವುಗಳಲ್ಲಿ ನಾವು ಹೆಚ್ಚು ಗಮನಿಸದ ಒಂದು ಕಾರಣ ವಿಷ. ಹೊಲದ ವಿಷ, ಕಾರ್ಖಾನೆಯ ವಿಷ, ಬಾಯಿಗೆ ಹಾಕಿಕೊಳ್ಳುವ ವಿಷ.

ಇಲಿಗಳು ಮೊದಲೇ ಹೇಳಿದ್ದವು

ಮನುಷ್ಯನಿಗೆ ವಿಷ ಕೊಟ್ಟು ನೋಡಲಾಗದು. ಆದ್ದರಿಂದ ವಿಜ್ಞಾನಿಗಳು ಪ್ರಯೋಗಶಾಲೆಯಲ್ಲಿ ಇಲಿ, ಮೊಲಗಳ ಮೇಲೆ ಪರೀಕ್ಷೆ ಮಾಡುತ್ತಾರೆ. ವೃಷಣದೊಳಗಿನ ಸಣ್ಣ ಕೊಳವೆಗಳಲ್ಲಿ ವೀರ್ಯಾಣುಗಳು ತಯಾರಾಗುತ್ತವೆ. ಇಲಿಯಲ್ಲಿ ಒಂದು ವೀರ್ಯಾಣು ತಯಾರಾಗಲು ಸುಮಾರು 52 ದಿನ, ಮನುಷ್ಯನಲ್ಲಿ ಸುಮಾರು 74 ದಿನ ಬೇಕು. ಅದಕ್ಕೇ ಇಲಿಗಳಿಗೆ ಎರಡು ಮೂರು ತಿಂಗಳು ರಾಸಾಯನಿಕ ಕೊಟ್ಟು, ನಂತರ ವೀರ್ಯಾಣುಗಳ ಸಂಖ್ಯೆ, ಚಲನೆ, ಆಕಾರ ಮತ್ತು ವೃಷಣದ ತೂಕವನ್ನು ನೋಡುತ್ತಾರೆ.

1961ರಲ್ಲಿ ಅಮೆರಿಕದಲ್ಲಿ ಡಿಬಿಸಿಪಿ ಎಂಬ ವಿಷದ ಮೇಲೆ ಇಂಥ ಅಧ್ಯಯನವೊಂದು ಪ್ರಕಟವಾಯಿತು. ಮಣ್ಣಿನ ಜಂತುಹುಳುಗಳನ್ನು ಕೊಲ್ಲಲು ಬಳಸುತ್ತಿದ್ದ ಔಷಧಿ ಅದು. ಅದಕ್ಕೆ ಒಡ್ಡಿದ ಇಲಿಗಳ ವೃಷಣಗಳು ಕುಗ್ಗಿಹೋಗಿದ್ದವು. ಆದರೂ ತಯಾರಿಕೆ, ಮಾರಾಟ ನಿಲ್ಲಲಿಲ್ಲ. ಹದಿನಾರು ವರ್ಷಗಳ ಬಳಿಕ, 1977ರಲ್ಲಿ, ಕ್ಯಾಲಿಫೋರ್ನಿಯಾದ ಲ್ಯಾತ್ರಪ್ ಎಂಬಲ್ಲಿನ ಕಾರ್ಖಾನೆಯ ಕಾರ್ಮಿಕರು ತಮ್ಮಲ್ಲಿ ಬಹಳ ಮಂದಿಗೆ ಮಕ್ಕಳೇ ಆಗುತ್ತಿಲ್ಲವಲ್ಲ ಎಂದು ತಮ್ಮತಮ್ಮಲ್ಲೇ ಮಾತನಾಡಿಕೊಂಡರು. ಪರೀಕ್ಷೆ ಮಾಡಿಸಿದಾಗ ಹಲವರಲ್ಲಿ ವೀರ್ಯಾಣು ಬಹಳ ಕಡಿಮೆ, ಕೆಲವರಲ್ಲಿ ಒಂದೂ ಇಲ್ಲ. 1979ರಲ್ಲಿ ಅಲ್ಲಿ ಅದರ ಹೆಚ್ಚಿನ ಬಳಕೆಯನ್ನು ನಿಷೇಧಿಸಲಾಯಿತು. ಆದರೆ ಅಷ್ಟರಲ್ಲಿ ಮಧ್ಯ ಅಮೆರಿಕದ ಬಾಳೆತೋಟಗಳ ಸಾವಿರಾರು ಕೂಲಿಗಳು ಅದೇ ವಿಷವನ್ನು ಮುಟ್ಟಿಯಾಗಿತ್ತು. ಕೆಲಸ ಬಿಟ್ಟ ಮೇಲೆ ಕೆಲವರು ಸುಧಾರಿಸಿದರು, ಕೆಲವರು ಎಂದೂ ಸುಧಾರಿಸಲಿಲ್ಲ.

ಆ ಹದಿನಾರು ವರ್ಷಗಳಲ್ಲಿ ಎಷ್ಟು ಮನೆಗಳಲ್ಲಿ ಎಷ್ಟು ಹೆಂಡಂದಿರು 'ಬಂಜೆ' ಎನಿಸಿಕೊಂಡಿರಬಹುದು, ಯೋಚಿಸಿ.

ನಮ್ಮ ನೆರೆಯಲ್ಲೇ ನಡೆದದ್ದು

ಅದು ದೂರದ ಅಮೆರಿಕದ ಮಾತಾಯಿತು ಎನ್ನಬೇಡಿ. ಕನ್ನಡ ಮಾತನಾಡುವ ಕಾಸರಗೋಡಿನ ಕಥೆ ನಿಮಗೆಲ್ಲ ಗೊತ್ತಿದೆ. ಅಲ್ಲಿನ ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ನಮ್ಮ ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ ಕಡೆಗಳಲ್ಲೂ ಅದೇ ನಡೆಯಿತು. ಬುದ್ಧಿ ಬೆಳೆಯದ, ಕೈಕಾಲು ತಿರುಚಿದ ಮಕ್ಕಳ ಚಿತ್ರಗಳನ್ನು ನಾವು ಕಂಡಿದ್ದೇವೆ. ಆದರೆ ಕಣ್ಣಿಗೆ ಕಾಣದ ಇನ್ನೊಂದು ಹಾನಿಯೂ ಇತ್ತು.

ಲಕ್ನೋದ ಕೈಗಾರಿಕಾ ವಿಷಶಾಸ್ತ್ರ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 1990ರ ದಶಕದಲ್ಲೇ ಗಂಡು ಇಲಿಗಳಿಗೆ ಎಂಡೋಸಲ್ಫಾನ್ ಕೊಟ್ಟು ಪರೀಕ್ಷಿಸಿದ್ದರು. ವೀರ್ಯಾಣುಗಳ ಸಂಖ್ಯೆ ಇಳಿದಿತ್ತು. ಇನ್ನೂ ಪ್ರಾಯಕ್ಕೆ ಬಾರದ ಎಳೆಯ ಇಲಿಗಳಲ್ಲಂತೂ, ದೊಡ್ಡ ಇಲಿಗಳಿಗೆ ಹಾನಿ ಮಾಡದಷ್ಟು ಕಡಿಮೆ ಪ್ರಮಾಣವೇ ಹಾನಿ ಮಾಡಿತ್ತು. ಬೆಳೆಯುವ ದೇಹಕ್ಕೆ ವಿಷ ಬೇಗ ತಾಗುತ್ತದೆ ಎಂದು ಆ ಇಲಿಗಳು ಹೇಳಿದ್ದವು.

ನಂತರ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಕಾಸರಗೋಡಿನ ಪಡ್ರೆ ಗ್ರಾಮಕ್ಕೆ ಬಂದರು. ಗೇರು ತೋಟದ ಬುಡದಲ್ಲಿದ್ದ ಆ ಊರಿನ 10ರಿಂದ 19 ವಯಸ್ಸಿನ 117 ಹುಡುಗರನ್ನು, ಸಿಂಪಡಣೆ ಇಲ್ಲದ ಊರಿನ 90 ಹುಡುಗರ ಜೊತೆ ಹೋಲಿಸಿದರು. 2003ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಪಡ್ರೆಯ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಿತ್ತು. ಅದೇ ವಯಸ್ಸಿನ ಬೇರೆ ಹುಡುಗರಿಗಿಂತ ಅವರು ತಡವಾಗಿ ಪ್ರಾಯಕ್ಕೆ ಬರುತ್ತಿದ್ದರು. ಗಂಡಸುತನದ ಹಾರ್ಮೋನಾದ ಟೆಸ್ಟೋಸ್ಟಿರೋನ್ ಕಡಿಮೆಯಿತ್ತು. ಅಧ್ಯಯನ ಚಿಕ್ಕದು ಎಂಬ ಆಕ್ಷೇಪ ಬಂದದ್ದೂ ನಿಜ. ಆದರೆ ಇಲಿಯಲ್ಲಿ ಕಂಡದ್ದೂ ಹುಡುಗರಲ್ಲಿ ಕಂಡದ್ದೂ ಒಂದೇ ದಿಕ್ಕಿಗೆ ಬೆರಳು ತೋರಿಸುತ್ತಿದ್ದವು.

2011ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಎಂಡೋಸಲ್ಫಾನ್ ನಿಷೇಧಿಸಿತು. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ತಡೆಯಿತು. ಅದಕ್ಕೆ ಮೊದಲು ಹತ್ತಿ ಹೊಲಗಳಲ್ಲಿ ಆ ಡಬ್ಬಿಗಳು ಸಾಮಾನ್ಯ ವಸ್ತುವಾಗಿದ್ದವು.

ಇಂದಿಗೂ ಇರುವವು

ಒಂದು ವಿಷ ಹೋಯಿತೆಂದ ಮಾತ್ರಕ್ಕೆ ಎಲ್ಲವೂ ಹೋಗಲಿಲ್ಲ. ಕಾರ್ಬೆಂಡಜಿಂ ಎಂಬ ಪುಡಿ ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಬೀಜೋಪಚಾರಕ್ಕೆ, ಮೆಣಸಿನ ಗಿಡದ ರೋಗಕ್ಕೆ ಬಳಸುತ್ತಾರೆ. ಇಲಿಗಳಿಗೆ ಇದನ್ನು ಹೆಚ್ಚಿನ ಪ್ರಮಾಣದಲ್ಲಿ ಒಂದೇ ಬಾರಿ ಕೊಟ್ಟಾಗಲೂ ಬಲಿಯದ ವೀರ್ಯಾಣುಗಳು ಕೊಳವೆಯಿಂದ ಕಳಚಿ ಬಿದ್ದು, ಹೊರಗೆ ಹೋಗುವ ದಾರಿಯನ್ನೇ ಮುಚ್ಚಿದ್ದು ಕಂಡುಬಂದಿದೆ. ಸಂತಾನಶಕ್ತಿಗೆ ಹಾನಿಕರ ವಸ್ತುಗಳ ಪಟ್ಟಿಯಲ್ಲಿ ಯುರೋಪ್ ಒಕ್ಕೂಟ ಇದನ್ನು ಸೇರಿಸಿದೆ. ನಮ್ಮ ಪಕ್ಕದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಮ್ಯಾಂಕೋಜೆಬ್, ಡೈಮೆಥೊಯೇಟ್ ಮೊದಲಾದ ಔಷಧಿಗಳನ್ನು ಇಲಿಗಳ ಮೇಲೆ ಪರೀಕ್ಷಿಸಿ, ಹೆಣ್ಣು ಇಲಿಗಳ ಅಂಡಾಶಯಕ್ಕೂ ಹಾನಿಯಾಗುವುದನ್ನು ತೋರಿಸಿದ್ದಾರೆ. ಅಂದರೆ ವಿಷಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಇಲಿಗೆ ಕೊಡುವ ಪ್ರಮಾಣ ಸಾಮಾನ್ಯವಾಗಿ ಮನುಷ್ಯನಿಗೆ ತಾಗುವುದಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಸಾರಿಗೆ ಮೆಣಸಿನಪುಡಿ ಹಾಕಿದರೆ ಮಕ್ಕಳಾಗುವುದಿಲ್ಲ ಎಂದು ಯಾರೂ ಹೆದರಬೇಕಾಗಿಲ್ಲ. ಹಾಗೆಯೇ ಇಲಿ ತಡೆದುಕೊಂಡಿತು, ನಮಗೂ ಏನೂ ಆಗದು ಎಂಬುದೂ ತಪ್ಪು. ಗಂಡು ಇಲಿಗೆ ವೀರ್ಯಾಣುಗಳ ದಾಸ್ತಾನು ಧಾರಾಳ. ಅರ್ಧಕ್ಕಿಂತ ಹೆಚ್ಚು ನಷ್ಟವಾದರೂ ಅದು ಮರಿ ಹುಟ್ಟಿಸಬಲ್ಲದು. ಮನುಷ್ಯನಿಗೆ ಅಷ್ಟು ದಾಸ್ತಾನಿಲ್ಲ. ದಿನವೂ ಬೆನ್ನಿಗೆ ಪಂಪ್ ಹೊತ್ತು ಸಿಂಪಡಿಸುವವನಿಗೆ, ಬರಿಗೈಯಲ್ಲಿ ಔಷಧಿ ಕಲಸುವವನಿಗೆ ಇರುವ ಅಪಾಯವೇ ಬೇರೆ.

ಇನ್ನೊಂದು ಸಂಗತಿ ಕೇಳಿ. 1971ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪ್ಯಾರಾಥಿಯಾನ್ ಎಂಬ ಕೀಟನಾಶಕವನ್ನು ದೇಹದ ಯಾವ ಭಾಗದ ಚರ್ಮ ಎಷ್ಟು ಹೀರುತ್ತದೆಂದು ಅಳೆದರು. ವೃಷಣದ ಚರ್ಮ ಮುಂಗೈಗಿಂತ ಸುಮಾರು ಹನ್ನೆರಡು ಪಟ್ಟು ಹೆಚ್ಚು ಹೀರಿತು. ಪಂಪ್ ಸೋರಿ ಬೆನ್ನಿನಿಂದ ಇಳಿದು ಲುಂಗಿ ಒದ್ದೆಯಾದರೂ ಸಂಜೆವರೆಗೆ ಅದರಲ್ಲೇ ಇರುವ ನಮ್ಮ ಗಂಡಸರಿಗೆ ಇದನ್ನು ಯಾರು ಹೇಳಬೇಕು? ನಾವೇ ಹೇಳಬೇಕು.

ಗುಟ್ಕಾ, ತಂಬಾಕು, ಸಿಗರೇಟಿನ ವಿಷಯವೂ ಅಷ್ಟೇ. ಗುಟ್ಕಾ, ಪಾನ್ ಮಸಾಲಾ ತಿನ್ನಿಸಿದ ಇಲಿಮರಿಗಳಲ್ಲಿ ವೀರ್ಯಾಣುಗಳ ಆಕಾರ ಕೆಟ್ಟದ್ದನ್ನು ನಮ್ಮ ದೇಶದ ಸಂಶೋಧಕರೇ ಕಂಡಿದ್ದಾರೆ. ಬ್ಯಾಟರಿ ರಿಪೇರಿ ಮಾಡುವವರಿಗೆ ಸೀಸದ ಅಪಾಯವಿದೆ.

ಮನೆಯಲ್ಲಿ ನಾವೇನು ಮಾಡಬಹುದು?

ಸಿಂಪಡಿಸಿ ಬಂದವರು ಮಕ್ಕಳನ್ನು ಎತ್ತಿಕೊಳ್ಳುವ ಮೊದಲು, ಊಟಕ್ಕೆ ಕೂರುವ ಮೊದಲು ಸೋಪು ಹಚ್ಚಿ ಸ್ನಾನ ಮಾಡಲಿ. ಆ ಬಟ್ಟೆಗಳನ್ನು ಮನೆಯವರ ಬಟ್ಟೆಯ ಜೊತೆ ನೆನೆಸಬೇಡಿ. ಬೇರೆ ಬಕೆಟಿನಲ್ಲಿ ಕೈಗವಸು ಹಾಕಿ ಒಗೆಯಿರಿ. ಬಸುರಿಯರು ಅದನ್ನು ಮುಟ್ಟಲೇಬಾರದು.

ಸೋರುವ ಪಂಪನ್ನು ಹೊರಿಸಬೇಡಿ. ಪೂರ್ತಿ ತೋಳಿನ ಅಂಗಿ, ಪ್ಯಾಂಟು, ಕೈಗವಸು, ಮುಖಕ್ಕೆ ಬಟ್ಟೆ ಇರಲಿ. ಗಾಳಿಗೆ ಎದುರಾಗಿ ಹೊಡೆಯದಿರಲಿ, ಕಟ್ಟಿಕೊಂಡ ನಾಜಲನ್ನು ಬಾಯಿಯಿಂದ ಊದದಿರಲಿ. ಕೆಲಸದ ನಡುವೆ ಕೈ ತೊಳೆಯದೆ ಏನನ್ನೂ ತಿನ್ನದಿರಲಿ.

ಡಬ್ಬಿಯ ಮೇಲಿನ ತ್ರಿಕೋನ ನೋಡಿ. ಓದಲು ಬಾರದಿದ್ದರೂ ಬಣ್ಣ ತಿಳಿಯುತ್ತದೆ. ಕೆಂಪು ಅತ್ಯಂತ ವಿಷಕಾರಿ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಆದರೆ ಈ ಬಣ್ಣ ಹೇಳುವುದು ತಕ್ಷಣ ಜೀವಕ್ಕೆ ಬರುವ ಅಪಾಯವನ್ನು ಮಾತ್ರ. ವರ್ಷಗಟ್ಟಲೆ ಮುಟ್ಟಿದರೆ ಸಂತಾನಶಕ್ತಿಗೆ ಏನಾಗುತ್ತದೆಂದು ಅದು ಹೇಳುವುದಿಲ್ಲ. ಹಸಿರಿದೆಯೆಂದು ಬರಿಗೈ ಹಾಕಬೇಡಿ. ಖಾಲಿ ಡಬ್ಬಿಯಲ್ಲಿ ನೀರು, ಎಣ್ಣೆ, ಧಾನ್ಯ ತುಂಬಿಡುವ ಅಭ್ಯಾಸವನ್ನಂತೂ ಇಂದೇ ಬಿಡಿ.

ಎಲ್ಲಕ್ಕಿಂತ ಮುಖ್ಯವಾದದ್ದು, ವರ್ಷವಾದರೂ ಗರ್ಭ ನಿಲ್ಲದಿದ್ದರೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಡಾಕ್ಟರರ ಬಳಿ ಹೋಗಿ. ಹೆಣ್ಣಿನ ಪರೀಕ್ಷೆಗಳು ನೋವಿನವು, ದುಬಾರಿ. ಗಂಡಸಿನ ವೀರ್ಯ ಪರೀಕ್ಷೆಗೆ ಸೂಜಿಯೂ ಬೇಡ, ಕತ್ತರಿಯೂ ಬೇಡ, ಖರ್ಚೂ ಕಡಿಮೆ. ಎರಡರಿಂದ ಏಳು ದಿನ ದಾಂಪತ್ಯದಿಂದ ದೂರವಿದ್ದು ಮಾದರಿ ಕೊಡಬೇಕು. ಒಂದು ಮಿಲಿಲೀಟರಿಗೆ 1.6 ಕೋಟಿಗಿಂತ ಕಡಿಮೆ ವೀರ್ಯಾಣು ಇದ್ದರೆ ಕಡಿಮೆಯೆಂದು ಈಗಿನ ಲೆಕ್ಕ. ಒಂದೇ ವರದಿ ನೋಡಿ ಧೈರ್ಯಗೆಡಬಾರದು, ಮತ್ತೊಮ್ಮೆ ಮಾಡಿಸಬೇಕು. ಕೆಲಸವೇನೆಂದು ಡಾಕ್ಟರರು ಕೇಳದಿದ್ದರೂ ನೀವೇ ಹೇಳಿ.

ಬ್ಯಾಡಗಿಯ ಮನೆಯಲ್ಲಿ

ಮರುದಿನ ಆ ಹುಡುಗಿಯ ಅತ್ತೆಯ ಪಕ್ಕ ಕುಳಿತು ನಾನು ಇಲಿಗಳ ಕಥೆಯನ್ನೇ ಹೇಳಿದೆ. "ಖಾಲಾ, ನಿಮ್ಮ ಮಗನಿಗೆ ದೋಷವಿದೆ ಎನ್ನುತ್ತಿಲ್ಲ. ನಮ್ಮೆಲ್ಲರ ಹೊಟ್ಟೆಗಾಗಿ ಅವನು ವಿಷ ಹೊರುತ್ತಿದ್ದಾನೆ. ಅವನ ದೇಹಕ್ಕೆ ಏನಾಗಿದೆಯೆಂದು ನೋಡುವುದು ನಿಮ್ಮ ಹೊಣೆಯಲ್ಲವೇ?" ಎಂದೆ. ಅವರು ಸುಮ್ಮನಿದ್ದರು. ಇನ್ನೊಂದು ಮದುವೆ ಮಾಡಿಸಿದರೆ ಇನ್ನೊಂದು ಮನೆಯ ಹೆಣ್ಣುಮಗಳೂ ಇದೇ ಪ್ಲಾಸ್ಟಿಕ್ ಚೀಲ ಹಿಡಿದು ಅಲೆಯಬೇಕಾದೀತು ಎಂದಾಗ ಮಾತ್ರ ಕಣ್ಣೆತ್ತಿ ನೋಡಿದರು.

ತಿಂಗಳ ಬಳಿಕ ಹುಡುಗಿಯ ಫೋನ್ ಬಂತು. ಮಗನನ್ನು ಪರೀಕ್ಷೆಗೆ ಕರೆದೊಯ್ದದ್ದು ಅತ್ತೆಯೇ! ವೀರ್ಯಾಣು ಬಹಳ ಕಡಿಮೆ ಇತ್ತು. ಇದು ಎಣ್ಣೆಯಿಂದಲೇ ಆದದ್ದೆಂದು ಡಾಕ್ಟರರು ಹೇಳಲಿಲ್ಲ, ಹಾಗೆ ಖಚಿತವಾಗಿ ಹೇಳಲೂ ಆಗದು. ಸಿಂಪಡಿಸುವ ಕೆಲಸ ಮತ್ತು ಗುಟ್ಕಾ ಎರಡನ್ನೂ ಬಿಟ್ಟು ಮೂರು ತಿಂಗಳ ನಂತರ ಬನ್ನಿ ಎಂದರು. ಹೊಸ ವೀರ್ಯಾಣು ತಯಾರಾಗಲು ಅಷ್ಟು ದಿನ ಬೇಕಲ್ಲ. ಈಗ ಅವನು ಗೋದಾಮಿನಲ್ಲಿ ಚೀಲ ಹೊರುತ್ತಾನೆ. ಕೂಲಿ ಸ್ವಲ್ಪ ಕಡಿಮೆ. ಎರಡನೆಯ ವರದಿಯಲ್ಲಿ ಸಂಖ್ಯೆ ಕೊಂಚ ಏರಿದೆ, ಇನ್ನೂ ಸಾಲದು. ಚಿಕಿತ್ಸೆ ಮುಂದುವರಿದಿದೆ.

ಮಗು ಆಗುತ್ತದೆಯೋ ಇಲ್ಲವೋ ಅಲ್ಲಾಹನಿಗೇ ಗೊತ್ತು. ದುಆದ ಜೊತೆ ದವಾ ಕೂಡ ನಡೆಯಲಿ. ಆದರೆ ಆ ಹುಡುಗಿ ಫೋನಿನಲ್ಲಿ ಕೊನೆಗೆ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: "ಆಪಾ, ಮೊನ್ನೆ ನಾದಿನಿ ಮಗಳ ಶಾಸ್ತ್ರದಾಗ ಅತ್ತಿಯೋರೇ ಕೈ ಹಿಡಿದು ನನ್ನ ಮುಂದ ಕೂಡಿಸಿದ್ರು."

ಸಹೋದರಿಯರೇ, ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಒಬ್ಬಳೇ ಅಲೆಯುವ ಸೊಸೆ ಇದ್ದರೆ, ಅವಳ ಗಂಡನ ವರದಿ ಎಲ್ಲಿ ಎಂದು ಒಮ್ಮೆ ಕೇಳಿ. ಕೇಳಬೇಕಾದವರು ನಾವು, ಅತ್ತೆಯಂದಿರು ಮತ್ತು ಅಮ್ಮಂದಿರು.