ಜನರೇಟರ್ ತಾನಾಗಿ ಚಾಲೂ ಆದರೆ ಸಾಕೇ?

'ಒಂದ್ಸಲ ಆಟೋದಲ್ಲಿ ಹಾಕಿ, ಆಮೇಲೆ ಮರೆತುಬಿಡಿ ಸಾರ್.' ಜನರೇಟರಿಗೆ ಆಟೋಮ್ಯಾಟಿಕ್ ಕಂಟ್ರೋಲರ್ ಮಾರುವವರ ಮಾಮೂಲಿ ಮಾತಿದು. ಪೇಟೆಯವರ ಮಟ್ಟಿಗೆ ಇದು ಮುಕ್ಕಾಲು ಪಾಲು ನಿಜ. ನಮ್ಮ ಹೊಲಗಳ ಮಟ್ಟಿಗೆ ಕಾಲು ಪಾಲೂ ನಿಜವಲ್ಲ. ಕೋಳಿ, ಹಾಲು, ಮೀನು, ಪಾಲಿಹೌಸ್ ಎಂದು ಕರೆಂಟನ್ನೇ ನೆಚ್ಚಿದ ಕೃಷಿಗೆ ಇಳಿದವರು ಈ ಪೆಟ್ಟಿಗೆ ಕೊಳ್ಳುವ ಮೊದಲು ಒಂದಷ್ಟು ಲೆಕ್ಕ ಹಾಕಬೇಕು ಎಂಬುದು ನನ್ನ ಅಭಿಪ್ರಾಯ.

ನನ್ನ ಮನೆ ಬೆಂಗಳೂರಿನ ಜೋಗುಪಾಳ್ಯದಲ್ಲಿ, ಜಮೀನು ಹೊಸಕೋಟೆಯ ಆಚೆ. ಹಳೇ ಮದ್ರಾಸ್ ರಸ್ತೆಯಲ್ಲಿ ಕೆ.ಆರ್.ಪುರ ದಾಟಿ ಹೋಗಿಬರುವ ನನಗೆ ಎರಡೂ ಕಡೆಯ ಕರೆಂಟಿನ ಗುಣ ಗೊತ್ತು. ಜೋಗುಪಾಳ್ಯದ ಕಿರಿದಾದ ಬೀದಿಗಳಲ್ಲೂ, ಪಕ್ಕದ ಹಲಸೂರು, ಇಂದಿರಾನಗರದಲ್ಲೂ ಕರೆಂಟ್ ಹೋದ ಅರೆ ನಿಮಿಷದೊಳಗೆ ಅಂಗಡಿ, ಕ್ಲಿನಿಕ್ಕುಗಳ ಜನರೇಟರುಗಳು ತಾವಾಗಿ ಗುಡುಗುತ್ತವೆ. ಕರೆಂಟ್ ಬಂದ ಸ್ವಲ್ಪ ಹೊತ್ತಿಗೆ ತಾವಾಗಿ ನಿಲ್ಲುತ್ತವೆ. ನೋಡಿದವರಿಗೆ 'ನಮ್ಮ ಶೆಡ್ಡಿಗೂ ಒಂದು ಹಾಕಿಸೋಣ' ಅನ್ನಿಸುವುದು ಸಹಜ.

ಆದರೆ ಪೇಟೆಯಲ್ಲಿ ಕರೆಂಟ್ ಹೋಗುವುದು ಅಪರೂಪದ ಘಟನೆ. ಹೊಲದಲ್ಲಿ ಅದು ದಿನಚರಿ. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಕೋಲಾರದ ಚಿನ್ನದ ಗಣಿ ತಲುಪಿತು, 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ಅದಾಗಿ 120 ವರ್ಷ ಕಳೆದರೂ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಸಿಗುವುದು ಪಾಳಿಯಲ್ಲೇ. ದಿನಕ್ಕೆ 7 ಗಂಟೆ ಎಂಬುದು ಸರ್ಕಾರದ ಮಾತು. ಅಂದರೆ ಬಾಕಿ 17 ಗಂಟೆ 'ಕರೆಂಟಿಲ್ಲ' ಎಂದೇ ಕಂಟ್ರೋಲರ್ ತಿಳಿಯುತ್ತದೆ. ಪಾಳಿ, ಲೋಡ್‌ಶೆಡ್ಡಿಂಗ್, ತಂತಿ ಕಡಿದದ್ದು - ಈ ವ್ಯತ್ಯಾಸ ಅದಕ್ಕೆ ತಿಳಿಯದು. 15 ಕೆ.ವಿ.ಎ. ಸೆಟ್ಟು ಮುಕ್ಕಾಲು ಲೋಡಿನಲ್ಲಿ ಗಂಟೆಗೆ ಸುಮಾರು 3 ಲೀಟರ್ ಡೀಸೆಲ್ ಕುಡಿಯುತ್ತದೆ. 17 ಗಂಟೆಗೆ ಎಷ್ಟಾಯಿತು, ನೀವೇ ಗುಣಿಸಿ ನೋಡಿ.

ಆದ್ದರಿಂದ ಪಂಪ್‌ಸೆಟ್ ಲೈನಿಗೆ ಆಟೋಮ್ಯಾಟಿಕ್ ಬೇಡ. ಮನೆಗೆ ಬರುವ ಲೈನು ಬೇರೆಯಿದ್ದರೆ ಶೆಡ್ಡಿಗೂ ಆ ಲೈನಿನಿಂದಲೇ ಅಧಿಕೃತ ಸಂಪರ್ಕ ಕೇಳಿ ಪಡೆದು, ಕಂಟ್ರೋಲರನ್ನು ಅದಕ್ಕೆ ಜೋಡಿಸಬೇಕು. ಬೋರ್‌ವೆಲ್ ಮೋಟಾರು ಹೊರಗೇ ಇರಲಿ.

ಮಾಲು ಎಷ್ಟು ಹೊತ್ತು ತಾಳೀತು?

ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೊಂದೇ. ಫ್ಯಾನ್ ನಂಬಿದ ಮುಚ್ಚಿದ ಕೋಳಿ ಶೆಡ್ಡಿನಲ್ಲಿ ಬೇಸಿಗೆ ಮಧ್ಯಾಹ್ನ ಗಾಳಿ ನಿಂತರೆ ನಿಮಿಷಗಳ ಲೆಕ್ಕ. ಒತ್ತಾಗಿ ಮೀನು ಬಿಟ್ಟ ತೊಟ್ಟಿಯಲ್ಲಿ ಗಾಳಿಯ ಪಂಪು ನಿಂತರೂ ಹೆಚ್ಚು ಹೊತ್ತು ತಾಳದು. ಒಂದು ದಿನದ ಮರಿ ಬಿಟ್ಟ ಮೊದಲ ವಾರ ಬಲ್ಬು ಆರಿದರೆ ಮರಿಗಳು ಒಂದರ ಮೇಲೊಂದು ಬಿದ್ದು ಉಸಿರುಗಟ್ಟುತ್ತವೆ. ಇಂಥವರಿಗೆ ಆಟೋಮ್ಯಾಟಿಕ್ ಶೋಕಿಯಲ್ಲ, ಅಗತ್ಯ.

ತಂಪಾದ ಹಾಲಿನ ತೊಟ್ಟಿ ಒಳ್ಳೆಯ ಹೊದಿಕೆಯದಾದರೆ ಕೆಲವು ಗಂಟೆ ತಡೆಯುತ್ತದೆ. ಹನಿ ನೀರಾವರಿ ನಾಳೆಯವರೆಗೂ ಕಾಯುತ್ತದೆ. ಇವರಿಗೆ ಕೈಯಲ್ಲಿ ತಿರುಗಿಸುವ ಚೇಂಜ್ ಓವರ್ ಸ್ವಿಚ್ಚೇ ಸಾಕು. ಉಳಿದ ಹಣಕ್ಕೆ ಒಳ್ಳೆಯ ಬ್ಯಾಟರಿ ಬಂದೀತು.

ಪೆಟ್ಟಿಗೆ ಮಾಡುವುದೇನು?

ಕೆಲಸ ಸರಳ. ಮೂರು ಫೇಸಿನ ವೋಲ್ಟೇಜ್ ನೋಡುತ್ತಿರುತ್ತದೆ. ಬಿದ್ದರೆ ಐದಾರು ಸೆಕೆಂಡು ಕಾಯುತ್ತದೆ, ಸೆಲ್ಫ್ ಹೊಡೆಯುತ್ತದೆ. ಸಾಮಾನ್ಯವಾಗಿ ಮೂರು ಸಲ ಪ್ರಯತ್ನಿಸಿ, ಆಗದಿದ್ದರೆ ಅಲಾರಂ ಕೂಗಿ ಸುಮ್ಮನಾಗುತ್ತದೆ. ಎಂಜಿನ್ ಹೊತ್ತಿಕೊಂಡರೆ ಸ್ವಲ್ಪ ಬಿಸಿಯಾಗಲು ಬಿಟ್ಟು ಲೋಡ್ ಕೊಡುತ್ತದೆ. ಆಯಿಲ್ ಒತ್ತಡ ಇಳಿದರೆ, ನೀರು ಕಾದರೆ ನಿಲ್ಲಿಸುತ್ತದೆ.

ನಮ್ಮ ಕಡೆಗೆ ಇದರಲ್ಲಿ ಎರಡು ಸೆಟ್ಟಿಂಗ್ ಬದಲಿಸಬೇಕು. ಒಂದು, ಕರೆಂಟ್ ಮರಳಿದ ಮೇಲೆ ಕಾಯುವ ಹೊತ್ತು. ಹಳ್ಳಿ ಲೈನಿನಲ್ಲಿ ಕರೆಂಟ್ ಬಂದು ಹೋಗಿ ಬಂದು ಆಡುತ್ತದೆ. ಐದು ನಿಮಿಷ ಸ್ಥಿರವಾಗಿ ನಿಂತ ಮೇಲೇ ಬದಲಾಗುವಂತೆ ಇಡಬೇಕು. ಎರಡು, ಮೂರೂ ಫೇಸನ್ನು ಒಂದಕ್ಕೊಂದು ಹೋಲಿಸಿ ನೋಡುವಂತೆ ಇರಬೇಕು. ಒಂದು ಫೇಸ್ ಹೋದರೂ ಓಡುತ್ತಿರುವ ಮೋಟಾರಿನ ಮೂಲಕ ಆ ಸತ್ತ ತಂತಿಯಲ್ಲೂ ವೋಲ್ಟೇಜ್ ಕಾಣುತ್ತದೆ. ಒಂದೇ ಫೇಸ್ ನೋಡುವ ಅಗ್ಗದ ಪೆಟ್ಟಿಗೆ 'ಎಲ್ಲ ಸರಿಯಿದೆ' ಅಂದುಕೊಳ್ಳುತ್ತದೆ, ಅಷ್ಟರಲ್ಲಿ ಫ್ಯಾನಿನ ಮೋಟಾರು ಸುಟ್ಟಿರುತ್ತದೆ.

ಎಲ್ಲ ಮೋಟಾರೂ ಒಟ್ಟಿಗೆ ಚಾಲೂ ಆಗಬಾರದು. ನೇರ ಸ್ಟಾರ್ಟರಿನ ಮೋಟಾರು ಹೊರಡುವಾಗ ಮಾಮೂಲಿಯ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಹತ್ತು ಹತ್ತು ಸೆಕೆಂಡಿನ ಅಂತರದಲ್ಲಿ ಒಂದೊಂದಾಗಿ ಬರುವಂತೆ ಟೈಮರ್ ಹಾಕಿಸಿದರೆ ಸಣ್ಣ ಸೆಟ್ಟಿನಲ್ಲೇ ಕೆಲಸ ನಡೆಯುತ್ತದೆ.

ಲೈನ್‌ಮನ್ನಿನ ಜೀವ

ಇದನ್ನು ಒತ್ತಿ ಹೇಳಬೇಕು. ಜನರೇಟರಿನ ಕರೆಂಟ್ ಯಾವ ಕಾರಣಕ್ಕೂ ಲೈನಿಗೆ ಹಿಂದೆ ಹರಿಯಬಾರದು. ನಮ್ಮ ಟ್ರಾನ್ಸ್‌ಫಾರ್ಮರ್ 11,000 ವೋಲ್ಟನ್ನು 400ರ ಸುಮಾರಿಗೆ ಇಳಿಸುವ ಯಂತ್ರ. ಹಿಂದಿನಿಂದ 400 ಕೊಟ್ಟರೆ ಅದೇ ಯಂತ್ರ 11,000ಕ್ಕೆ ಏರಿಸುತ್ತದೆ. ಲೈನ್ ಆಫ್ ಆಗಿದೆ ಎಂದು ನಂಬಿ ಕಂಬ ಹತ್ತಿದವನಿಗೆ ಅದು ಸಾವು. ಕೆ.ಇ.ಬಿ. ಹೋಗಿ 2002ರಲ್ಲಿ ಬೆಸ್ಕಾಂ ಬಂತು, ಕಂಬ ಹತ್ತುವವನು ಮಾತ್ರ ನಮ್ಮೂರಿನ ಹುಡುಗನೇ.

ಹೀಗಾಗಿ ಎರಡು ಕಾಂಟ್ಯಾಕ್ಟರುಗಳ ನಡುವೆ ವೈರಿಂಗಿನ ತಡೆ ಮಾತ್ರ ಸಾಲದು. ಒಂದು ಒಳಗಿದ್ದರೆ ಇನ್ನೊಂದು ಒಳಹೋಗಲಾರದಂಥ ಯಾಂತ್ರಿಕ ಇಂಟರ್‌ಲಾಕ್ ಇರಲೇಬೇಕು. ನ್ಯೂಟ್ರಲ್ ಕೂಡ ಬದಲಾಗುವ ನಾಲ್ಕು ಪೋಲಿನದಾದರೆ ಒಳ್ಳೆಯದು. ಕಂಟ್ರೋಲರಿಗೆ ದುಡ್ಡು ಸಾಲದಿದ್ದರೆ ಕಂಟ್ರೋಲರ್ ಬಿಡಿ, ಇಂಟರ್‌ಲಾಕ್ ಬಿಡಬೇಡಿ. ಬೆಸ್ಕಾಂ ಕಚೇರಿಗೆ ತಿಳಿಸಿ, ಪರವಾನಗಿ ಇರುವವರಿಂದಲೇ ಕೆಲಸ ಮಾಡಿಸಿ.

ಇನ್ನೊಂದು ಅಪಾಯ ಶೆಡ್ಡಿನೊಳಗೇ ಇದೆ. ಆಟೋದಲ್ಲಿರುವ ಎಂಜಿನ್ ಹೇಳದೆ ಕೇಳದೆ ಚಾಲೂ ಆಗುತ್ತದೆ. ಬೆಲ್ಟು ಮುಟ್ಟುವ ಮೊದಲು ಗುಂಡಿಯನ್ನು ಆಫ್‌ಗೆ ತಂದು ಬ್ಯಾಟರಿಯ ನೆಗೆಟಿವ್ ತಂತಿ ಕಳಚಬೇಕು. 'ಯಂತ್ರ ತಾನಾಗಿ ಚಾಲೂ ಆಗುತ್ತದೆ' ಎಂದು ಕನ್ನಡದಲ್ಲಿ ದಪ್ಪಕ್ಷರದ ಬೋರ್ಡ್ ಹಾಕಬೇಕು. ಹೊಗೆ ಕೊಳವೆ ಬಯಲಿಗೆ ಬಿಡಬೇಕು, ಮುಚ್ಚಿದ ಕೋಣೆಯ ಹೊಗೆ ಜೀವ ತೆಗೆಯುತ್ತದೆ.

ಮರೆಯಬಾರದ್ದು

ನಾನು ಕಂಡಂತೆ ಆಟೋಮ್ಯಾಟಿಕ್ ಕೈಕೊಡುವುದು ಹೆಚ್ಚಾಗಿ ಸಣ್ಣ ಕಾರಣಕ್ಕೆ: ಬ್ಯಾಟರಿ ಸತ್ತಿರುತ್ತದೆ, ಇಲ್ಲವೇ ರಿಪೇರಿಗೆ ಬಂದವರು ಗುಂಡಿಯನ್ನು ಆಟೋಗೆ ತಿರುಗಿಸದೆ ಹೋಗಿರುತ್ತಾರೆ. ತಿಂಗಳುಗಟ್ಟಲೆ ಸುಮ್ಮನಿರುವ ಬ್ಯಾಟರಿಗೆ ಲೈನಿನಿಂದ ಓಡುವ ಚಾರ್ಜರ್ ಬೇಕು. ಚಾರ್ಜರ್ ಬಿಡಿಸಿ ಕೆಲವು ಗಂಟೆ ಬಿಟ್ಟು ಅಳೆದಾಗ 12 ವೋಲ್ಟಿನ ಬ್ಯಾಟರಿ 12.6ರ ಹತ್ತಿರ ಇರಬೇಕು. 12ಕ್ಕಿಂತ ಇಳಿದಿದ್ದರೆ ನೆಚ್ಚಬೇಡಿ.

ವಾರಕ್ಕೊಮ್ಮೆ ಮೇನ್ ಸ್ವಿಚ್ ಇಳಿಸಿ, ಜನರೇಟರ್ ನಿಜವಾದ ಲೋಡ್ ಹೊತ್ತು ಹದಿನೈದು ನಿಮಿಷ ಓಡುವುದನ್ನು ನಿಂತು ನೋಡಿ. ಖಾಲಿ ಓಡಿಸಿದರೆ ಪರೀಕ್ಷೆಯಾಗದು, ಬದಲಿಗೆ ಮಸಿ ಕಟ್ಟುತ್ತದೆ. ಅಲಾರಂ ಫೋನಿಗೆ ಬರುವಂತೆ ಮಾಡಿಸಿ, ಆದರೆ ಆ ಫೋನ್ ಹಿಡಿಯುವವರು ಶೆಡ್ಡಿನ ಹತ್ತಿರವೇ ಮಲಗಿರಬೇಕು. ಜೋಗುಪಾಳ್ಯದಲ್ಲಿ ಫೋನ್ ಹೊಡೆದುಕೊಂಡರೆ ಹೊಸಕೋಟೆಯ ಮರಿ ಉಳಿಯುವುದಿಲ್ಲ.

ಮಾರುವವರಲ್ಲಿ ನನ್ನ ಬೇಡಿಕೆ ಒಂದೇ: ಗುಂಡಿಗಳ ಹೆಸರು, ವೈರಿಂಗ್ ನಕ್ಷೆ, ಅಲಾರಂಗಳ ಅರ್ಥ ಕನ್ನಡದಲ್ಲಿ ಕೊಡಿ. ನಡುರಾತ್ರಿ ಕೆಂಪು ದೀಪ ಹೊತ್ತಿದಾಗ ಅಲ್ಲಿರುವುದು ಇಂಗ್ಲಿಷ್ ಓದುವ ಎಂಜಿನಿಯರ್ ಅಲ್ಲ, ಕೂಲಿಯಾಳು. ಇಂಥ ಪೆಟ್ಟಿಗೆಯನ್ನು ವರ್ಷಗಟ್ಟಲೆ ಬಳಸಿದ ಕೃಷಿಕರು ತಮ್ಮ ಸೆಟ್ಟಿಂಗು, ಖರ್ಚು, ತೊಡಕುಗಳನ್ನು ಪತ್ರಿಕೆಗೆ ಬರೆದರೆ ಕೊಳ್ಳಲು ಹೊರಟವರಿಗೆ ಅದೇ ದೊಡ್ಡ ಉಪಕಾರ.