ಜಗುಲಿಯ ಮೇಲಿನ ಓಲೆಗರಿ ಯಾರ ಸೊತ್ತು?



ಹೊಲ, ಮನೆ, ದನಕರು, ಬೆಳ್ಳಿ ಬಂಗಾರ ಇವು ಹಿರಿಯರಿಂದ ಬಂದ ಆಸ್ತಿ. ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳಬಹುದು. ಕಷ್ಟ ಬಂದಾಗ ಮಾರಲೂಬಹುದು. ಪಾಲು ಮಾಡಲು ಬಾರದ, ಮಾರಲು ಸಲ್ಲದ ಇನ್ನೊಂದು ಆಸ್ತಿಯೂ ಕೆಲವು ಮನೆಗಳಲ್ಲಿದೆ. ಅದು ದೇವರ ಜಗುಲಿಯ ಮೇಲೆ ವಸ್ತ್ರದಲ್ಲಿ ಸುತ್ತಿಟ್ಟ ಓಲೆಗರಿಯ ಕಟ್ಟು.

12ನೆಯ ಶತಮಾನದ ಶಿವಶರಣರ ವಚನಗಳು ನಮ್ಮವರೆಗೆ ಬಂದ ಬಗೆಯನ್ನು ಯೋಚಿಸಿರಿ. ತಾಳೆಗರಿಯ ಆಯುಷ್ಯ ಮಿತವಾದುದು. ಹುಳು, ಗೆದ್ದಲು, ತೇವ ಅದರ ವೈರಿಗಳು. ಹಳೆಯ ಗರಿ ಜೀರ್ಣವಾದಂತೆ ಹೊಸ ಗರಿಯ ಮೇಲೆ ಪ್ರತಿ ಮಾಡಿದವರು ಇದ್ದುದರಿಂದಲೇ ವಚನ ಉಳಿಯಿತು. 15ನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ಶರಣರು ಅವನ್ನು ಸಂಕಲಿಸಿ ಕಟ್ಟಿದರು. ಆ ಮೇಲೆ ಅವನ್ನು ಕಾಪಾಡಿದವರು ಮಠಗಳು ಮತ್ತು ಹಳ್ಳಿಯ ಸಾಮಾನ್ಯ ಭಕ್ತರು. ಅವರಲ್ಲಿ ಬಹುಪಾಲು ಜನರ ಹೆಸರು ಎಲ್ಲಿಯೂ ದಾಖಲಾಗಿಲ್ಲ.

ಆದರೆ ಕಾಲಕ್ರಮದಲ್ಲಿ ಓದು ನಿಂತು ಪೂಜೆ ಮಾತ್ರ ಉಳಿಯಿತು. ಆಗ ವಿಜಾಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಊರೂರು ಅಲೆದು, ಮನೆಮನೆಯ ಬಾಗಿಲಲ್ಲಿ ನಿಂತು ಓಲೆಗರಿಗಳನ್ನು ಸಂಗ್ರಹಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ' ಹೊರತಂದರು. 1925ರಲ್ಲಿ 'ಹಿತಚಿಂತಕ' ಮುದ್ರಣಾಲಯ, 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿದರು. ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. 1964ರಲ್ಲಿ ಲಿಂಗೈಕ್ಯರಾಗುವವರೆಗೂ ಆ ಕಾಯಕ ಬಿಡಲಿಲ್ಲ. ಅವರನ್ನು ವಚನ ಪಿತಾಮಹರೆಂದು ನಾವೆಲ್ಲ ಗೌರವಿಸುವುದು ಯೋಗ್ಯವೇ ಆಗಿದೆ. ಆದರೆ ಅವರು ಬಾಗಿಲಿಗೆ ಬಂದಾಗ ಜಗುಲಿಯ ಕಟ್ಟನ್ನು ಇಳಿಸಿ ಕೈಗಿತ್ತ ಅಜ್ಜ ಅಜ್ಜಿಯರನ್ನು ನೆನೆಯುವವರು ಯಾರು? ಅವರು ಕೊಡದಿದ್ದರೆ ಹಳಕಟ್ಟಿಯವರು ಏನನ್ನು ಅಚ್ಚು ಹಾಕಬೇಕಿತ್ತು?

ಆದ್ದರಿಂದ ಪರಂಪರೆಯ ರಕ್ಷಣೆ ಕೇವಲ ಪಂಡಿತರ ಕೆಲಸವಲ್ಲ, ಸರಕಾರದ ಕೆಲಸವೂ ಅಲ್ಲ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಇದರಲ್ಲಿ ಕೊಡುವವನಿಗೂ ಧರ್ಮವಿದೆ, ಪಡೆಯುವವನಿಗೂ ಧರ್ಮವಿದೆ.

"ಮನೆಯ ದೇವರನ್ನು ಹೊರಗೆ ಕೊಡಬಾರದು" ಎಂದು ಹಿರಿಯರು ಹೇಳುವುದುಂಟು. ಇದನ್ನು ಮೌಢ್ಯವೆಂದು ನಗುವುದು ತರವಲ್ಲ. ಓದಿ ಕೊಡುತ್ತೇವೆಂದು ಒಯ್ದವರು ಮರಳಿ ತಾರದೆ ಹೋದ ನೋವು ಎಷ್ಟೋ ಮನೆತನಗಳಲ್ಲಿದೆ. ಒಯ್ದದ್ದನ್ನು ಮರಳಿಸದವನು ಎಷ್ಟೇ ದೊಡ್ಡ ವಿದ್ವಾಂಸನಾದರೂ ಅವನ ವಿದ್ಯೆಗೆ ಸದಾಚಾರದ ಬಲವಿಲ್ಲ. ಪಡೆಯುವವನು ಮನೆಯವರ ಒಪ್ಪಿಗೆ ಕೇಳಬೇಕು, ರಸೀದಿ ಬರೆದುಕೊಡಬೇಕು, ಪುಸ್ತಕದಲ್ಲಿ ಆ ಮನೆತನದ ಹೆಸರು ಹಾಕಬೇಕು, ಅಚ್ಚಾದ ಒಂದು ಪ್ರತಿಯನ್ನು ಆ ಜಗುಲಿಗೇ ತಂದಿಡಬೇಕು. ಈಗ ಕಟ್ಟನ್ನು ಒಯ್ಯುವ ಅಗತ್ಯವೂ ಇಲ್ಲ. ಮನೆಯ ಪಡಸಾಲೆಯಲ್ಲಿಯೇ, ಹಿರಿಯರ ಕಣ್ಣೆದುರೇ, ಗರಿಗಳ ಛಾಯಾಚಿತ್ರ ತೆಗೆಯಬಹುದು.

ಇನ್ನು ಕೊಡುವವನ ಧರ್ಮ. ಬಚ್ಚಿಡುವುದು ಕಾಪಾಡಿದಂತೆ ಅಲ್ಲ. ಹಳೆಯದಾಯಿತೆಂದು ಕಟ್ಟನ್ನು ಹೊಳೆಗೆ ಬಿಡುವುದಂತೂ ಹಿರಿಯರ ಮಾತನ್ನೇ ನೀರಿಗೆ ಹಾಕಿದಂತೆ. ಹಣದಾಸೆ ತೋರಿಸಿ ಬರುವ ದಲ್ಲಾಳಿಗಳ ಬಗ್ಗೆಯೂ ಎಚ್ಚರವಿರಲಿ. 75 ವರ್ಷಕ್ಕೆ ಮೇಲ್ಪಟ್ಟ, ಸಾಹಿತ್ಯ ಇತಿಹಾಸಗಳ ಮೌಲ್ಯವುಳ್ಳ ಹಸ್ತಪ್ರತಿಯನ್ನು 1972ರ ಪ್ರಾಚೀನ ವಸ್ತುಗಳ ಕಾಯ್ದೆ ಪುರಾತನ ವಸ್ತುವೆಂದೇ ಎಣಿಸುತ್ತದೆ. ಖಾಸಗಿಯವರು ಅದನ್ನು ದೇಶದ ಹೊರಗೆ ಸಾಗಿಸುವುದು ಅಪರಾಧ.

ಗೃಹಸ್ಥರಿಗೆ ಹೇಳಿದ ಈ ಮಾತು ಮಠಗಳಿಗೆ ಮೊದಲು ಅನ್ವಯಿಸುತ್ತದೆ. ಮಠದ ಕಪಾಟಿನಲ್ಲಿರುವ ಗ್ರಂಥ ಪೀಠಾಧಿಪತಿಯ ಸ್ವಂತ ಸೊತ್ತಲ್ಲ. ಅದು ಭಕ್ತಗಣದ ಸೊತ್ತು. ಬೀಗ ಹಾಕುವ ಅಧಿಕಾರ ಇರುವವನಿಗೆ ತೆರೆಯುವ ಹೊಣೆಯೂ ಇದೆ. ಯಾವ ಗ್ರಂಥಗಳಿವೆ ಎಂಬ ಪಟ್ಟಿಯನ್ನಾದರೂ ಪ್ರತಿ ಮಠವೂ ಸಿದ್ಧಪಡಿಸಬೇಕು. ಮಡಿವಾಳ, ಅಂಬಿಗ, ಹಡಪದ, ಮಾದಾರ ಹೀಗೆ ಎಲ್ಲ ಕಾಯಕದವರೂ ನುಡಿದ ವಚನಗಳನ್ನು ಯಾವುದೋ ಒಂದು ಪಂಗಡವು ತನ್ನದೆಂದು ಹಿಡಿದಿಡಲು ಬರುವುದಿಲ್ಲ.

ನಮ್ಮ ಪಂಚಾಚಾರಗಳಲ್ಲಿ ಗಣಾಚಾರವೂ ಇದೆ, ಭೃತ್ಯಾಚಾರವೂ ಇದೆ. ಧರ್ಮದ ಸೊತ್ತಿಗೆ ಹಾನಿಯಾಗುವಾಗ ಎದ್ದು ನಿಲ್ಲುವುದು ಗಣಾಚಾರ. ಹಾಗೆ ನಿಂತರೂ 'ನಾನು ಇದರ ಒಡೆಯನಲ್ಲ, ಸೇವಕ' ಎಂದು ತಿಳಿಯುವುದು ಭೃತ್ಯಾಚಾರ. ಪರಂಪರೆಯನ್ನು ಕಾಯುವವನಿಗೆ ಇವೆರಡೂ ಬೇಕು. ಒಂದೇ ಇದ್ದರೆ ಸಾಲದು.

ಈ ಶ್ರಾವಣದಲ್ಲಿ ನಿಮ್ಮ ಜಗುಲಿಯ ಕಟ್ಟನ್ನು ಒಮ್ಮೆ ಬಿಚ್ಚಿ ನೋಡಿರಿ. ನೀರು, ಹಸಿ ಹೂವು, ಪತ್ರೆ ಗರಿಗೆ ತಾಗದಂತೆ ಒಣ ಬಟ್ಟೆಯಲ್ಲಿ ಸುತ್ತಿರಿ. ಹಳೆಯ ಅಕ್ಷರ ಬಲ್ಲವರನ್ನು ಕರೆದು ಓದಿಸಿರಿ; ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂಡ್ರಿಸಿಕೊಳ್ಳಿರಿ. ಓದುವವರು ಸಿಗದಿದ್ದರೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗದವರನ್ನು ಕೇಳಿರಿ.

ಹಿರಿಯರು ಕಾಯ್ದು ಕೊಟ್ಟದ್ದನ್ನು ಕಿರಿಯರಿಗೆ ದಾಟಿಸುವ ಸದ್ಬುದ್ಧಿಯನ್ನು ಪರಶಿವನು ಸಕಲ ಸದ್ಭಕ್ತರಿಗೆ ಕರುಣಿಸಲೆಂದು ನಾವು ಹಾರೈಸುತ್ತೇವೆ.